ಗೆರೆ ದಾಟುವ ಕಾಲು

ಬಿಳಿಚೋಡು
14 ಜುಲೈ 2024

ಮಗಳು ರಕ್ಷಾಗೆ ಅವ್ವನ ಆಶೀರ್ವಾದ. ವೀರಭದ್ರಸ್ವಾಮಿ ನಿನ್ನ ಬೆನ್ನಿಗಿರಲಿ.

ನಿನ್ನನ್ನು ಚನ್ನಗಿರಿಯ ಕ್ರೀಡಾ ಹಾಸ್ಟೆಲಿಗೆ ಸೇರಿಸಿ ನಾವು ಊರು ಮುಟ್ಟುವ ಹೊತ್ತಿಗೆ ನಮ್ಮ ಗಿರಣಿಯ ಮುಂದೆ ಜೋಳದ ಪುಟ್ಟಿಗಳು ಸಾಲಾಗಿ ಕೂತಿದ್ದವು. ಅಂದಿನಿಂದ ಹಿಟ್ಟು ಬೀಸುತ್ತಲೇ ಇದ್ದೇನೆ, ಮನಸ್ಸು ಮಾತ್ರ ಇನ್ನೂ ನಿಮ್ಮ ಆಟದ ಅಂಗಳದಲ್ಲೇ ಇದೆ. ಭಾನುವಾರ ವಾರ್ಡನ್ ಫೋನಿನಲ್ಲಿ ಮಾತಾಡೋಣ ಅಂದರೆ ನಿನ್ನ ಹಿಂದೆ ಅಷ್ಟೂ ಹುಡುಗಿಯರು ಕಾಯುತ್ತಿರುತ್ತಾರೆ. ಊಟ ಆಯಿತಾ, ಆಯಿತು ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿಗೆ ಬಿಟ್ಟ ಕೈ ಇದು. ತಪ್ಪು ಕಂಡರೆ ನಗು, ಆದರೆ ಗೆಳತಿಯರಿಗೆ ತೋರಿಸಿ ನಗಬೇಡ.

ಇಷ್ಟು ವರ್ಷ ನೀನು ಆಡುವ ಬ್ಯಾಸ್ಕೆಟ್‌ಬಾಲ್ ಬರೀ ಚೆಂಡಾಟ ಅಂದುಕೊಂಡಿದ್ದೆ. ಮೊನ್ನೆ ಸಂಜೆ ಹತ್ತಿರದಿಂದ ನೋಡಿದೆ. ಆ ಎತ್ತರದ ಹುಡುಗಿ, ಕಲ್ಪನಾ ಅಂದೆಯಲ್ಲ, ಅವಳ ಕೈಗೆ ಚೆಂಡು ಬಂದದ್ದೇ ತಡ, ಎದುರಿನ ಹುಡುಗಿಯರು ಸುತ್ತುಗಟ್ಟಿದರು. ಇನ್ನು ಕಿತ್ತುಕೊಳ್ಳುತ್ತಾರೆ ಅಂದುಕೊಂಡೆ. ಅವಳು ಒಂದು ಕಾಲನ್ನು ನೆಲಕ್ಕೆ ಊರಿಬಿಟ್ಟಳು, ಬೀಸುಕಲ್ಲಿನ ನಡುವಿನ ಗೂಟದ ಹಾಗೆ. ಇನ್ನೊಂದು ಕಾಲು ಮುಂದೆ ಹೋಯಿತು, ಹಿಂದೆ ಬಂತು, ಕತ್ತಲಲ್ಲಿ ಬಾಗಿಲು ತಡಕುವವರಂತೆ ಸುತ್ತಲೂ ಹುಡುಕಿತು. ಊರಿದ ಕಾಲು ಮಾತ್ರ ಕದಲಲಿಲ್ಲ. ಎಲ್ಲೋ ಒಂದು ಸಂದು ಸಿಕ್ಕಿತು ನೋಡು, ಚೆಂಡು ನಿನ್ನ ಕೈಗೆ ಬಂತು. ನನಗೆ ಅರಿವಿಲ್ಲದೆ ಕೈ ಮುಗಿದೆ. ನಿಮ್ಮಪ್ಪ ಮೊಣಕೈಯಲ್ಲಿ ತಿವಿದು, "ಏಯ್ ಶಂಕ್ರಿ, ಇದು ಗುಡಿ ಅಲ್ಲ ಕಣೆ, ಕೈ ಇಳಿಸು" ಅಂದರು.

ಒಂದು ಅರ್ಥವಾಗಲಿಲ್ಲ. ಒಂದು ಹುಡುಗಿ ಯಾರನ್ನೂ ನೂಕಲಿಲ್ಲ, ಯಾರಿಗೂ ಬಡಿಯಲಿಲ್ಲ, ಆದರೂ ವಿಷಲ್ ಊದಿ ಚೆಂಡು ಕಸಿದುಕೊಂಡರು. ಕೇಳಿದರೆ ನಿಮ್ಮಪ್ಪ "ಹೆಚ್ಚಿಗೆ ನಡೆದ್ಲಂತೆ" ಅಂದರು. ನಡೆಯುವುದೂ ತಪ್ಪಾ? ಬರೆದು ತಿಳಿಸು.

ಹಾಸ್ಟೆಲ್ ಬಾಗಿಲಲ್ಲಿ ನಿನ್ನನ್ನೇ ನೋಡುತ್ತಿದ್ದೆ. ಚೀಲದ ಭಾರಕ್ಕೆ ನಿನ್ನ ಎಡಗಾಲು ಮುಂದೆ ಬಂದಿತ್ತು. ಹೊಸ್ತಿಲ ಹತ್ತಿರ ಸಣ್ಣಗೆ ಕುಪ್ಪಳಿಸಿ ಬಲಗಾಲು ಮೊದಲಿಟ್ಟು ಒಳಗೆ ಹೋದೆ. ನಿನ್ನ ಅಜ್ಜಿ ಯಾವಾಗಲೂ ಹೇಳುವಂತೆ ಥೇಟು ಕರು ನೆಗೆದ ಹಾಗೆ. ಅದನ್ನು ನೋಡಿದ ಮೇಲೆ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ. ಎಲ್ಲಿ ಹೋದರೂ ಅದನ್ನು ಬಿಡಬೇಡ ಮಗಳೇ. ನಿನ್ನ ಮುಂಚೆ ಈ ಮನೆಗೆ ಬಂದ ಎರಡು ಕೂಸು ನಿಲ್ಲಲಿಲ್ಲ. ಆಸ್ಪತ್ರೆಯಿಂದ ನಿನ್ನನ್ನು ಎತ್ತಿಕೊಂಡು ಬಂದ ದಿನ ಅಜ್ಜಿ ನಿನ್ನ ಬಲಗಾಲನ್ನು ಹೊಸ್ತಿಲಿಗೆ ಮುಟ್ಟಿಸಿಯೇ ಒಳಗೆ ಬಿಟ್ಟುಕೊಂಡದ್ದು.

ಇಂತಿ ನಿನ್ನ ಅವ್ವ,
ಶಂಕ್ರಮ್ಮ

* * *

ಚನ್ನಗಿರಿ
28 ಜುಲೈ 2024

ಪ್ರೀತಿಯ ಅವ್ವಾ,

ನಿನ್ನ ಕಾಗದ ಓದಿ ನಕ್ಕೆ, ಒಬ್ಬಳೇ. ಕಲ್ಪನಕ್ಕನಿಗೆ ಬೀಸುಕಲ್ಲಿನ ಗೂಟದ ವಿಷಯ ಮಾತ್ರ ಹೇಳಿದೆ. ಅವಳು ಈಗ ತನ್ನನ್ನು ತಾನೇ "ಗೂಟ" ಅಂತ ಕರೆದುಕೊಳ್ಳುತ್ತಿದ್ದಾಳೆ.

ಅವಳು ಮಾಡಿದ್ದಕ್ಕೆ ಪಿವಟ್ ಅನ್ನುತ್ತಾರೆ. ನಿಂತು ಚೆಂಡು ಹಿಡಿದರೆ ಒಂದು ಕಾಲು ಊರಿದ ಜಾಗದಲ್ಲೇ ಇರಬೇಕು, ತಿರುಗಬಹುದು, ಜರುಗುವಂತಿಲ್ಲ. ಇನ್ನೊಂದು ಕಾಲಿಗೆ ಪೂರ್ತಿ ಸ್ವಾತಂತ್ರ್ಯ. ನಡೆಯುವುದು ತಪ್ಪಾ ಅಂತ ಕೇಳಿದ್ದೀಯ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಎಷ್ಟು ದೂರ ಬೇಕಾದರೂ ಓಡಬಹುದು ಅವ್ವಾ. ಬಡಿಯುವುದು ನಿಲ್ಲಿಸಿ ಕೈಯಲ್ಲಿ ಹಿಡಿದೆವು ಅಂದರೆ ಆಮೇಲೆ ಎರಡೇ ಹೆಜ್ಜೆ. ಅಷ್ಟರೊಳಗೆ ಬುಟ್ಟಿಗೆ ಎಸೆಯಬೇಕು, ಇಲ್ಲವೇ ಇನ್ನೊಬ್ಬರಿಗೆ ಕೊಡಬೇಕು. ಮೂರನೇ ಹೆಜ್ಜೆ ನೆಲಕ್ಕೆ ತಾಗಿದರೆ ವಿಷಲ್. ರೆಫರಿ ಎರಡು ಮುಷ್ಟಿ ಕಟ್ಟಿ ಒಂದರ ಸುತ್ತ ಒಂದನ್ನು ತಿರುಗಿಸಿ ತೋರಿಸುತ್ತಾರೆ. ಅದೇ ಟ್ರಾವೆಲಿಂಗ್. ಚೆಂಡು ಎದುರಿನವರ ಪಾಲಾಗುತ್ತದೆ.

ಬುಟ್ಟಿಯ ಕೆಳಗೆ ಕೆಂಪು ಬಣ್ಣ ಬಳಿದು ಸುತ್ತ ಬಿಳಿ ಗೆರೆ ಹಾಕಿರುವುದನ್ನು ನೋಡಿದ್ದೀಯಲ್ಲ. ಆ ಗೆರೆಯ ಹತ್ತಿರ ಬಂದಾಗಲೇ ಈ ಎರಡು ಹೆಜ್ಜೆಯ ಲೆಕ್ಕ. ಬಲಗಡೆಯಿಂದ ಬಂದರೆ ಬಲಗಾಲು, ಎಡಗಾಲು, ಮೇಲಕ್ಕೆ ಹಾರು. ಎಡಗಡೆಯಿಂದ ಬಂದರೆ ತಿರುಗುಮುರುಗು: ಎಡಗಾಲು, ಬಲಗಾಲು, ಹಾರು. ಬಲಗಡೆಯಿಂದ ಹೊರಟರೆ ನನ್ನನ್ನು ತಡೆಯುವವರೇ ಇಲ್ಲ ಅಂತ ನಮ್ಮ ಕೋಚ್ ಪ್ರೇಮಲತಾ ಮೇಡಂ ಎಲ್ಲರ ಮುಂದೆ ಹೇಳಿದರು.

ಅಜ್ಜಿಯ ಮಂಡಿನೋವು ಹೇಗಿದೆ?

ನಿನ್ನ
ರಕ್ಷಾ

* * *

ಬಿಳಿಚೋಡು
18 ಆಗಸ್ಟ್ 2024

ಮಗಳು ರಕ್ಷಾಗೆ ಅವ್ವನ ಆಶೀರ್ವಾದ.

ಪಂಚಮಿಯ ಉಂಡೆ ಕಂಡಕ್ಟರ್ ರೇವಣ್ಣನ ಕೈಯಲ್ಲಿ ಕಳಿಸಿದ್ದೆ, ಮುಟ್ಟಿತಾ? ಶೇಂಗಾದ್ದು ಕಡಿಮೆ ಇದ್ದರೆ ಅವನನ್ನೇ ಕೇಳಬೇಕು.

ನೀನು ಬರೆದ ನಿಯಮವನ್ನು ಗಿರಣಿಗೆ ಬಂದವರಿಗೆಲ್ಲ ಹೇಳಿಯಾಯಿತು. ಉಚ್ಚಂಗಮ್ಮ ಹಿಟ್ಟಿನ ಪುಟ್ಟಿ ಸೊಂಟಕ್ಕೆ ಏರಿಸಿಕೊಂಡು, "ಹೆಜ್ಜೆ ಎಣಿಸಾಕೆ ಒಬ್ಬ ಮನುಷ್ಯ, ಅವನಿಗೊಂದು ಪೀಪಿ! ನಮ್ಮನೇರು ಸಂತೆಯಿಂದ ಬರೋವಾಗ ಹಾಕೋ ಹೆಜ್ಜೆ ಎಣಿಸಾಕೂ ಒಬ್ಬನ್ನ ಕಳಿಸ್ರವ್ವ" ಅಂದಳು. ಗಿರಣಿಯ ಸದ್ದಿನಲ್ಲೂ ಎಲ್ಲರ ನಗು ಕೇಳಿಸಿತು.

ನಾನು ನಗಲಿಲ್ಲ. ಎರಡು ದಿನ ಅದನ್ನೇ ನೆನೆದೆ. ಕೈ ಖಾಲಿ ಇರುವವರು ಎಲ್ಲಿಗೆ ಬೇಕಾದರೂ ಓಡಬಹುದು. ಚೆಂಡು ಸಿಕ್ಕವರಿಗೇ ಈ ಕಟ್ಟು. ಎಲ್ಲರೂ ಬಯಸುವುದು ಕೈಗೆ ಬಂದ ಗಳಿಗೆಯಲ್ಲೇ ಕಾಲಿಗೆ ಇಷ್ಟು ಭಯ ಭಕ್ತಿ ಬರಬೇಕು ಅಂದರೆ, ಈ ಆಟ ಕಟ್ಟಿದವರು ಸಾಮಾನ್ಯರಲ್ಲ ಬಿಡು.

ಯಾರೂ ಇಲ್ಲದಾಗ ಹಿತ್ತಲಲ್ಲಿ ಒಂದು ಕುಂಬಳಕಾಯಿ ಹಿಡಿದು ನಾನೂ ಹೆಜ್ಜೆ ಹಾಕಿ ನೋಡಿದೆ. ಬಲಗಾಲು, ಎಡಗಾಲು, ಹಾರುವುದು ಎಲ್ಲಿಂದ ಬರಬೇಕು, ಸೀರೆ ಎಡವಿ ಬಚ್ಚಲ ಕಟ್ಟೆ ಹಿಡಿದುಕೊಂಡೆ. ಅಜ್ಜಿ ಬಾಗಿಲಲ್ಲೇ ಕೂತಿದ್ದಾರೆ! "ಶಂಕ್ರಿ, ನಿಂಗೇನು ಗಾಳಿ ಹಿಡಿತೇನೆ? ಕಾಯಿ ಇಳಿಸು, ಸಾರಿಗಾದ್ರೂ ಆಗ್ತೈತೆ" ಅಂದರು. ಅವರ ಬಲಮಂಡಿ ಹಾಗೇ ಇದೆ, ಮಡಚಲು ಬರುವುದಿಲ್ಲ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಹೊನ್ನಾಳಿಯಲ್ಲಿ ಆಟ ಇದೆ ಅಂತ ನೀನು ಫೋನಿನಲ್ಲಿ ಅಂದಿದ್ದೆ. ಹೇಗಾಯಿತು ಅಂತ ಬರೆ. ಅಂಗಳಕ್ಕೆ ಇಳಿಯುವಾಗ ಯಾವ ಕಾಲು ಅಂತ ನಾನು ಮತ್ತೆ ಹೇಳಬೇಕಿಲ್ಲ.

ಇಂತಿ ನಿನ್ನ ಅವ್ವ,
ಶಂಕ್ರಮ್ಮ

* * *

ಚನ್ನಗಿರಿ
6 ಅಕ್ಟೋಬರ್ 2024

ಅವ್ವಾ,

ಇಷ್ಟು ದಿನ ಬರೆಯಲಿಲ್ಲ. ಭಾನುವಾರ ಫೋನಿನಲ್ಲಿ "ಚೆನ್ನಾಗಿದೀನಿ" ಅಂದದ್ದು ಸುಳ್ಳು.

ಹೊನ್ನಾಳಿಯಲ್ಲಿ ಸೋತೆವು, ನನ್ನಿಂದ ಸೋತೆವು. ಎಡಗಡೆಯಿಂದ ಹೋದಾಗಲೆಲ್ಲ ಟ್ರಾವೆಲಿಂಗ್. ಎರಡು ಹೆಜ್ಜೆಯ ಜಾಗದಲ್ಲಿ ನನ್ನ ಕಾಲು ತಾನಾಗಿ ಇನ್ನೊಂದು ಇಡುತ್ತದೆ. ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಈಗ ಎಲ್ಲ ತಂಡಗಳಿಗೂ ಗೊತ್ತಾಗಿದೆ. ನನ್ನನ್ನು ಎಡಕ್ಕೇ ನೂಕುತ್ತಾರೆ, ಆಮೇಲೆ ಸುಮ್ಮನೆ ನಿಂತು ವಿಷಲ್‌ಗೆ ಕಾಯುತ್ತಾರೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅಭ್ಯಾಸ ಮಾಡುತ್ತೇನೆ. ಬಾಯಲ್ಲಿ ಎಡ, ಬಲ ಅನ್ನುತ್ತಲೇ ಇರುತ್ತೇನೆ, ಕಾಲು ಕೇಳುವುದಿಲ್ಲ. ಯಾಕೆ ಅಂತ ಮೇಡಂ ಕೇಳಿದರು. ಗೊತ್ತಿದ್ದರೆ ತಾನೇ ಹೇಳುವುದು?

ನವೆಂಬರ್ ಕೊನೆಗೆ ನ್ಯಾಮತಿಯಲ್ಲಿ ಪಂದ್ಯಾವಳಿ. ಅಷ್ಟರಲ್ಲಿ ಸರಿಹೋಗದಿದ್ದರೆ ತಂಡದಿಂದ ತೆಗೆಯಲೇಬೇಕಾಗುತ್ತದೆ ಅಂದಿದ್ದಾರೆ. ತಂಡದಲ್ಲಿ ಇಲ್ಲದವರಿಗೆ ಹಾಸ್ಟೆಲಿನಲ್ಲಿ ಜಾಗ ಇಲ್ಲ. ಮೇಡಂ ಕೆಟ್ಟವರಲ್ಲ, ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇದನ್ನು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅವ್ವಾ. ಬೇರೇನೂ ಬೇಕಾಗಿಯೂ ಇಲ್ಲ.

ನ್ಯಾಮತಿಗೆ ನೀವು ಯಾರೂ ಬರಬೇಡಿ.

ರಕ್ಷಾ

* * *

ಬಿಳಿಚೋಡು
20 ಅಕ್ಟೋಬರ್ 2024

ಮಗಳೇ,

ನೀನು ಬೇಡ ಅಂದದ್ದು ನ್ಯಾಮತಿಗೆ. ಚನ್ನಗಿರಿಗೆ ಬರಬೇಡ ಅಂದಿರಲಿಲ್ಲ. ಗುರುವಾರ ಗಿರಣಿ ಮುಚ್ಚಿ ಬಂದಿದ್ದೆ. ನಿನ್ನ ಕಣ್ಣಿಗೆ ಬೀಳಬಾರದು ಅಂತ ನೀರಿನ ಟ್ಯಾಂಕಿನ ಹಿಂದೆ ನಿಂತು ನಿನ್ನ ಅಭ್ಯಾಸ ನೋಡಿದೆ. ನಿನ್ನ ಮೇಡಂ ಮಾತ್ರ ಹಿಡಿದುಬಿಟ್ಟರು. ಯಾರೋ ಕಳ್ಳಿ ಅಂದುಕೊಂಡಿದ್ದರೋ ಏನೋ. ಅವ್ವ ಅಂತ ಗೊತ್ತಾದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ತಮ್ಮ ಮೊಬೈಲಿನಲ್ಲಿ ನಿನ್ನ ಆಟವನ್ನು ನಿಧಾನ ಮಾಡಿ ತೋರಿಸಿದರು. "ನೋಡ್ರಿ ಅಮ್ಮಾ, ಗಾಳಿಯಂಗೆ ಬರ್ತಾಳೆ. ಈ ಗೆರೆ ಹತ್ರ ಏನಾಗ್ತೈತೋ ದೇವರಾಣೆ ನಂಗೂ ತಿಳಿತಿಲ್ಲ."

ನೋಡಿದೆ. ಬಿಳಿ ಗೆರೆಯ ಹತ್ತಿರ ನಿನ್ನ ಎಡಗಾಲು ಮುಂದೆ ಬರುತ್ತದೆ. ಗೆರೆ ದಾಟುವ ಮುಂಚೆ ಸಣ್ಣಗೆ ಒಂದು ಕುಪ್ಪಳ. ಬಲಗಾಲು ಒಳಗೆ. ಆಮೇಲೆ ಎಡ, ಬಲ, ಹಾರುವುದು.

ಮತ್ತೊಮ್ಮೆ ತೋರಿಸ್ರಿ ಅಂದೆ. ಮತ್ತೆ ಅದೇ, ಕರು ನೆಗೆದ ಹಾಗೆ.

ರಕ್ಷಾ, ಆ ನೆಗೆತವನ್ನು ನಾನು ಸ್ಕೂಲಿನ ಬಾಗಿಲಲ್ಲಿ ನೋಡಿದ್ದೇನೆ, ಪರೀಕ್ಷೆಯ ಕೋಣೆಯ ಮುಂದೆ ನೋಡಿದ್ದೇನೆ, ನಮ್ಮ ಮನೆಯ ಹೊಸ್ತಿಲಲ್ಲಿ ದಿನಾ ನೋಡಿದ್ದೇನೆ. ನಿನ್ನ ಕಾಲಿಗೆ ಏನೂ ಆಗಿಲ್ಲ. ನಾನು ಹೇಳಿಕೊಟ್ಟದ್ದನ್ನು ಅದು ಮಾಡುತ್ತಿದೆ. ಆ ಗೆರೆ ಅದರ ಕಣ್ಣಿಗೆ ಹೊಸ್ತಿಲು. ನಿನಗೇ ಗೊತ್ತಿಲ್ಲದ್ದು ನಿನ್ನ ಕಾಲಿಗೆ ನೆನಪಿದೆ. ಮೇಡಂಗೆ ಇದನ್ನು ಹೇಳದೆ ಎದ್ದುಬಂದೆ.

ಬರುವಾಗ ತ್ಯಾವಣಿಗೆ ದಾಟುವವರೆಗೂ ಬಸ್ಸಿನಲ್ಲಿ ದೇವರನ್ನು ಕೇಳುತ್ತಲೇ ಇದ್ದೆ, ಏನು ಮಾಡಲಿ ಅಂತ. ಬಲಗಾಲು ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿನ ಎರಡು ಕೂಸು ಕಣ್ಣ ಮುಂದೆ ಬರುತ್ತವೆ.

ಮನೆಗೆ ಬಂದರೆ ಅಜ್ಜಿ ಹೊರಗಿನ ಕಟ್ಟೆಯಿಂದ ಎದ್ದು ಒಳಗೆ ಹೋಗುತ್ತಿದ್ದಾರೆ. ಗೋಡೆ ಹಿಡಿದು ಎಡಗಾಲು ಎತ್ತಿ ಹೊಸ್ತಿಲ ಆಚೆ ಇಟ್ಟರು, ಆಮೇಲೆ ಬಲಗಾಲನ್ನು ಎಳೆದುಕೊಂಡರು. ನಾನು ಕಿರುಚಿದೆ, "ಅತ್ತೇ, ಎಡಗಾಲು!"

ಅಜ್ಜಿ ತಿರುಗಿ ನೋಡಿದರು. "ಹೋದ ಶಿವರಾತ್ರಿಯಿಂದ ಹಿಂಗೇ ಬರ್ತಿದೀನಿ, ಈಗ ಕಣ್ಣು ಬಂತಾ ನಿಂಗೆ? ಬಲಗಾಲು ಏಳಂಗಿಲ್ಲ ಅಂದ್ರೆ ಹೊರಗೇ ಕುಂದ್ರಬೇಕೇನೆ? ಒಳಗಿರೋ ಶಿವ ಇವತ್ತಿನವರೆಗೂ ಯಾಕೆ ಬಂದೆ ಅಂದಿಲ್ಲ, ನೀನ್ಯಾವಳೆ ಕೇಳಾಕೆ!"

ಇಡೀ ಊರಿಗೆ ಬಲಗಾಲಿನ ಪಾಠ ಹೇಳಿದವರು ಅವರೇ ಕಣವ್ವ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಧರಿಸಿ ಪೂಜೆಗೆ ಕೂತೆ. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ನೋಡುತ್ತಲೇ ಕೂತುಬಿಟ್ಟೆ. ದೀಕ್ಷೆ ಆದಂದಿನಿಂದ ಒಂದು ದಿನ ಬಿಡದೆ ದೇವರನ್ನು ನಾನು ಕೂರಿಸಿಕೊಂಡಿರುವುದು ಎಡಗೈಯಲ್ಲಿ. ಎಡಗೈಯಲ್ಲೇ ಅವನಿಗೆ ಸ್ನಾನ, ಹೂವು, ಬೆಳಕು ಎಲ್ಲ. ಅವನು ಅಲ್ಲಿಯೇ ಇದ್ದಾನೆ, ಒಮ್ಮೆಯೂ ಬೇಸರಪಟ್ಟುಕೊಂಡವನಲ್ಲ. ಪತ್ರೆ ಏರಿಸುವುದು ಮರೆತು ಎಷ್ಟೋ ಹೊತ್ತು ಹಾಗೇ ಇದ್ದೆ. ನಿಮ್ಮಪ್ಪ ಬಂದು ಹಾಲು ಉಕ್ಕಿತು ಅಂದಾಗಲೇ ಎಚ್ಚರ.

ಅದಕ್ಕೆ ಬರೆಯುತ್ತಿದ್ದೇನೆ. ಆ ಗೆರೆಯನ್ನು ಎಡಗಾಲಿಟ್ಟು ದಾಟು. ಹೊಸ್ತಿಲು ಅಂತಲೇ ತಿಳಿದು ದಾಟು, ಆದರೂ ಎಡಗಾಲೇ ಇಡು. ನಿನ್ನ ಎಡಗಾಲನ್ನೂ ನಾನೇ ಹೆತ್ತದ್ದು.

ಇಂತಿ ನಿನ್ನ ಅವ್ವ,
ಶಂಕ್ರಮ್ಮ

* * *

ಚನ್ನಗಿರಿ
10 ನವೆಂಬರ್ 2024

ಅವ್ವಾ,

ನಿನ್ನ ಕಾಗದವನ್ನು ಆಟದ ಅಂಗಳದ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಎದ್ದು ಹೋಗಿ ಆ ಗೆರೆಯ ಮುಂದೆ ನಿಂತೆ. ನನಗೆ ನಿಜವಾಗಿ ಗೊತ್ತಿರಲಿಲ್ಲ ಅವ್ವಾ. ಅದು ಹೊಸ್ತಿಲು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. ಆದರೂ ಅಲ್ಲಿ ನಿಂತಾಗ ಮೈಯಲ್ಲಿ ಏನೋ ಆಗುತ್ತಿತ್ತು.

ಕಾರಣ ಗೊತ್ತಾದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಇನ್ನೂ ಕೆಟ್ಟಿತು. ಮೊದಲು ಒಂದು ಹೆಜ್ಜೆ ಹೆಚ್ಚಾಗುತ್ತಿತ್ತು, ಈಗ ಗೆರೆಯ ಹತ್ತಿರ ಕಾಲು ನಿಂತೇಬಿಡುತ್ತಿತ್ತು. ಒಮ್ಮೆ ಮುಗ್ಗರಿಸಿ ಬಿದ್ದೆ. ಕಲ್ಪನಕ್ಕ "ಎರಡನೇ ಗೂಟ ಸಿಕ್ತು" ಅಂದಳು.

ಕೊನೆಗೆ ಮೇಡಂಗೆ ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ನನ್ನ ಶೂಗಳನ್ನು ನೋಡಿದರು. "ಹಂಗಾದ್ರೆ ನಿನ್ ಕಾಲು ದಡ್ಡ ಅಲ್ಲ, ಭಾಳ ವಿಧೇಯ. ವಿಧೇಯ ಇರೋರಿಗೆ ಕಲಿಸೋದು ಸುಲಭ" ಅಂದರು. ಅಂಗಳದ ತುಂಬ ಸುಣ್ಣದಲ್ಲಿ ಗೆರೆ ಎಳೆಸಿದರು. ದಿನಾ ಬೆಳಿಗ್ಗೆ ಅವನ್ನು ಎಡಗಾಲಿನಲ್ಲಿ ದಾಟುವುದೇ ನನ್ನ ಕೆಲಸ. ಊಟದ ಕೋಣೆಯ ಬಾಗಿಲಲ್ಲೂ ಎಡಗಾಲು ಇಟ್ಟು ನೋಡಿದೆ. ಶಿವ ಶಿವಾ ಅಂತ ಬಾಯಿಂದ ಬಂದೇಬಿಟ್ಟಿತು, ಬಡಿಸುವ ದಾಸಪ್ಪಣ್ಣ ಸಾರಿನಲ್ಲಿ ಏನಾದರೂ ಬಿತ್ತಾ ಅಂತ ಗಾಬರಿಯಾದ.

ಅಭ್ಯಾಸದಲ್ಲಿ ಈಗ ಬಹಳ ಸಲ ಸರಿ ಬರುತ್ತಿದೆ. ಆದರೆ ಅಭ್ಯಾಸದಲ್ಲಿ ಯಾರೂ ನೂಕುವುದಿಲ್ಲ. ನ್ಯಾಮತಿಯಲ್ಲಿ ಏನಾಗುತ್ತದೋ ಗೊತ್ತಿಲ್ಲ.

ಬರಬೇಡಿ ಅಂದಿದ್ದೆನಲ್ಲ. ಬಾ ಅವ್ವಾ. ನಾವು ಎಸೆಯುವ ಬುಟ್ಟಿಯ ಹಿಂದೆ, ನನ್ನ ಎಡಗಡೆ ನಿಂತುಕೋ. ಟ್ಯಾಂಕಿನ ಹಿಂದೆ ಬೇಡ.

ನಿನ್ನ
ರಕ್ಷಾ

* * *

ಬಿಳಿಚೋಡು
2 ಡಿಸೆಂಬರ್ 2024

ಮಗಳು ರಕ್ಷಾಗೆ ಅವ್ವನ ಆಶೀರ್ವಾದ.

ಆಡಿದವಳು ನೀನು, ನಿನಗೇ ನಿನ್ನ ಆಟದ ಸುದ್ದಿ ಬರೆಯುವುದು ಹುಚ್ಚುತನ. ಆದರೆ ನಾನು ನಿಂತ ಜಾಗದಿಂದ ನಾನು ಕಂಡದ್ದನ್ನು ನೀನು ಕಂಡಿಲ್ಲ. ಇದನ್ನು ಬರೆಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ನಿಮ್ಮಪ್ಪ ಲಗೇಜ್ ಆಟೋಗೆ ರಜೆ ಕೊಟ್ಟು ಬಂದಿದ್ದರು. ನ್ಯಾಮತಿಯ ಆ ಮೈದಾನದಲ್ಲಿ ಅಷ್ಟು ಜನ ಇರುತ್ತಾರೆ ಅಂದುಕೊಂಡಿರಲಿಲ್ಲ. ನೀನು ಹೇಳಿದ ಜಾಗದಲ್ಲೇ ನಿಂತೆ. ಎದುರಿನವರು ಮೊದಲಿನಿಂದಲೂ ನಿನ್ನನ್ನು ಎಡಕ್ಕೆ ನೂಕಿದರು. ಮೊದಲ ಸಲವೇ ವಿಷಲ್. ರೆಫರಿಯ ಮುಷ್ಟಿಗಳು ಒಂದರ ಸುತ್ತ ಒಂದು ತಿರುಗಿದವು. ನಮ್ಮ ಹಿಂದೆ ಯಾರೋ, "ಈ ಹುಡುಗಿ ಊರಿಗೆ ನಡ್ಕಂಡೇ ಹೋಗ್ತಾಳೆ ಬಿಡ್ರಪ್ಪ" ಅಂದ. ನಿಮ್ಮಪ್ಪ ತಿರುಗಿ, "ನಿನ್ ಹೊಟ್ಟೆ ಮೊದ್ಲು ಅಲ್ಲಾಡಿಸಿ ತೋರ್ಸಪ್ಪಾ, ಆಮೇಲೆ ಮಾತಾಡಿವಂತೆ" ಅಂದರು. ನಾನು ಸೆರಗಿನೊಳಗೆ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿದ್ದೆ.

ಆಮೇಲೆ ಎಡಗಡೆ ಜಾಗ ಸಿಕ್ಕಾಗಲೂ ನೀನು ಹೋಗಲಿಲ್ಲ, ಚೆಂಡನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ನಾನು ಮೇಡಂ ಕಡೆ ನೋಡಿದೆ. ಅವರು ಕಿರುಚಲಿಲ್ಲ, ತಮ್ಮ ಎಡಗಾಲನ್ನು ಮಾತ್ರ ನೆಲಕ್ಕೆ ಒಮ್ಮೆ ತಟ್ಟಿದರು. ನೀನು ಅದನ್ನು ನೋಡಿದೆಯಾ?

ಆಟ ಮುಗಿಯುತ್ತಾ ಬಂದಿತ್ತು. ಕಲ್ಪನಾಳನ್ನು ಮತ್ತೆ ಸುತ್ತುಗಟ್ಟಿದರು. ಅವಳು ಗೂಟವಾಗಿ ನಿಂತು ತಿರುಗಿ ತಿರುಗಿ ನಿನಗೆ ಚೆಂಡು ಕೊಟ್ಟಳು. ನಿನ್ನ ಮುಂದೆ ಎಡಗಡೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನೀನು ಬಂದೆ. ಚೆಂಡು ನೆಲಕ್ಕೆ ಬಡಿಯುವ ಸದ್ದು ನನ್ನ ಎದೆಯೊಳಗಿಂದ ಬರುತ್ತಿತ್ತು. ಗೆರೆಯ ಹತ್ತಿರ ಬಂದೆ, ಚೆಂಡನ್ನು ಕೈಗೆ ತೆಗೆದುಕೊಂಡೆ. ನಿನ್ನ ಎಡಗಾಲು ಮೇಲೆದ್ದಿತು.

ಅದು ಗಾಳಿಯಲ್ಲಿದ್ದ ಆ ಗಳಿಗೆಯನ್ನು ಹೇಗೆ ಹೇಳಲಿ. ಪೂಜೆಯಲ್ಲಿ ಲಿಂಗವನ್ನು ಎಡಗೈಗೆ ಇಳಿಸಿಕೊಳ್ಳುವ ಗಳಿಗೆಯ ಹಾಗೆ ಇತ್ತು. ಹೊಸ್ತಿಲಿಗೆ ಮುಟ್ಟಿಸಿದ ನಿನ್ನ ಪುಟ್ಟ ಬಲಪಾದ ನೆನಪಾಯಿತು. ಅದರ ಪಕ್ಕದಲ್ಲೇ ಬಟ್ಟೆಯೊಳಗೆ ಮುದುರಿಕೊಂಡಿದ್ದ ಇನ್ನೊಂದು ಪಾದವೂ ನೆನಪಾಯಿತು. ಅವತ್ತು ಅದನ್ನು ಯಾರೂ ನೋಡಿರಲಿಲ್ಲ.

ಎಡಗಾಲು ಗೆರೆಯ ಒಳಗೆ ಬಿತ್ತು. ಕುಪ್ಪಳ ಇಲ್ಲ. ಬಲಗಾಲು ಬಿತ್ತು. ಆಮೇಲೆ ಎರಡೂ ನೆಲ ಬಿಟ್ಟವು.

ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ನಾನು ನೋಡಲಿಲ್ಲ. ನಾನು ಕಾಲು ನೋಡುತ್ತಿದ್ದೆ. ಕಿವಿ ವಿಷಲ್‌ಗೆ ಕಾಯುತ್ತಿತ್ತು. ಬರಲಿಲ್ಲ. ರೆಫರಿಯ ಕೈಗಳು ತಿರುಗಲಿಲ್ಲ. ಇಡೀ ಮೈದಾನ ಒಮ್ಮೆಲೇ ಕೂಗಿಕೊಂಡಾಗ ಬಿತ್ತು ಅಂತ ತಿಳಿಯಿತು. ಹಿಂದೆ ನಿಂತಿದ್ದ ಹೊಟ್ಟೆಯವನು ನಿಮ್ಮಪ್ಪನನ್ನು ತಬ್ಬಿಕೊಂಡಿದ್ದ.

ಪಂದ್ಯ ಸೋತಿರಿ, ಇರಲಿ. ಅವರೂ ಯಾರೋ ಹೆತ್ತ ಮಕ್ಕಳು, ಚೆನ್ನಾಗಿ ಆಡಿದರು. ಬಸ್ಸಿನ ಹತ್ತಿರ ಮೇಡಂ ಬಂದು ನನ್ನ ಕೈ ಹಿಡಿದು, "ಅಮ್ಮಾ, ಮುಂದಿನ ವರ್ಷಾನೂ ಇವಳು ನನ್ ಹತ್ರಾನೇ. ಉಂಡೆ ಮಾತ್ರ ಎರಡು ಡಬ್ಬಿ ಕಳಿಸ್ರಿ" ಅಂದರು. ನೀನು ದೂರದಲ್ಲಿ ಶೂ ಬಿಚ್ಚುತ್ತಿದ್ದೆ. ಇದನ್ನು ಅವರು ನಿನಗೆ ಹೇಳಿರುತ್ತಾರೆ, ಆದರೂ ಬರೆದೆ.

ನಿನ್ನೆ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಆಟ ಮುಗಿದ ಕೂಡಲೇ ನಾನು ಗೆರೆ ದಾಟಿ ಆ ಕೆಂಪು ಬಣ್ಣದ ಮೇಲೆ ಓಡಿ ಬಂದು ನಿನ್ನನ್ನು ತಬ್ಬಿಕೊಂಡದ್ದನ್ನೂ ಹೇಳಿದೆ. ಅಜ್ಜಿ ಅಡಿಕೆ ಕತ್ತರಿಸುತ್ತಾ ನನ್ನನ್ನೇ ನೋಡಿ ಕೇಳಿದರು:

"ಅಲ್ಲೇ, ನೀನು ಯಾವ ಕಾಲಿಟ್ಟು ಒಳಗೆ ಹೋದೆ?"

ಆಗಿನಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ ಮಗಳೇ. ಗೆರೆಯ ಆಚೆ ಚಪ್ಪಲಿ ಬಿಟ್ಟದ್ದು ನೆನಪಿದೆ. ನೆಲ ಬಿಸಿಯಾಗಿದ್ದದ್ದು ನೆನಪಿದೆ. ನಿನ್ನ ಬೆವರು ನನ್ನ ವಿಭೂತಿ ಅಳಿಸಿದ್ದು ನೆನಪಿದೆ.

ಕಾಲು ನೆನಪಿಲ್ಲ.

ಇಂತಿ ನಿನ್ನ ಅವ್ವ,
ಶಂಕ್ರಮ್ಮ